ಹೊಳೆ ಎಲ್ಲಿಯವರೆಗೆ ಬರುತ್ತದೆ, ಮೊದಲು ಅದನ್ನು ಬರೆದು ಕೊಡಿ: ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ ಸರ್. ನಾನು ಮುಧೋಳ ತಾಲ್ಲೂಕಿನವನು. ಘಟಪ್ರಭೆಯ ದಂಡೆ ಮೇಲೆ ನಮ್ಮೂರು. ಕೃಷಿ ಪತ್ತಿನ ಸಹಕಾರಿ ಸಂಘದಲ್ಲಿ ಗುಮಾಸ್ತನ ಕೆಲಸ. ಬೆಳೆಸಾಲದ ಕಾಗದ, ಬೆಳೆವಿಮೆ ಅರ್ಜಿ ಎಲ್ಲ ನನ್ನ ಕೈಯಿಂದಲೇ ದಾಟಿ ಹೋಗುತ್ತವೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು, ಹಾಗಾಗಿ ಪತ್ರ ನಿಮಗೆ. ಬಹಿರಂಗವಾಗಿ ಯಾಕೆ ಅಂದರೆ, ಕಚೇರಿಗೆ ಕೊಟ್ಟ ಮನವಿಗೆ ಸಿಗುವುದು ಒಂದು ಸ್ವೀಕೃತಿ ಮುದ್ರೆ ಅಷ್ಟೇ ಅಲ್ವಾ? ಇದನ್ನು ನಮ್ಮ ಜನರೂ ಓದಲಿ ಅಂತ ಆಸೆ.

ಪರಿಹಾರ ಹೆಚ್ಚಿಸಿ ಅಂತ ಕೇಳಲು ಬರೆದ ಪತ್ರ ಇದಲ್ಲ. ಕೇಳುತ್ತಿರುವುದು ಒಂದೇ. ಹೊಳೆ ಯಾವ ವರ್ಷ ಎಲ್ಲಿಯವರೆಗೆ ಬಂದಿತ್ತು, ಮುಂದೆ ಎಷ್ಟು ನೀರು ಬಿಟ್ಟರೆ ಎಲ್ಲಿಯವರೆಗೆ ಬರುತ್ತದೆ, ಇದನ್ನು ಊರೂರಿಗೆ, ಸರ್ವೆ ನಂಬರಿನ ಸಮೇತ ಬರೆದು ಮಳೆಗಾಲಕ್ಕೆ ಮೊದಲೇ ಪಂಚಾಯಿತಿ ಗೋಡೆಗೆ ಹಚ್ಚಿ. ವಿಮೆ, ಪರಿಹಾರ, ಸ್ಥಳಾಂತರ ಎಲ್ಲ ಅದರ ಮೇಲೆ ನಿಲ್ಲಬೇಕು. ಈಗ ಯಾವುದೂ ಯಾವುದರ ಮೇಲೂ ನಿಂತಿಲ್ಲ.

ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಹರಿಯುವ ಜಿಲ್ಲೆ ನಮ್ಮದು. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತಾಳೆ, ಘಟಪ್ರಭೆ ಚಿಕ್ಕಸಂಗಮದಲ್ಲಿ. ಹೊರಗಿನವರ ಲೆಕ್ಕದಲ್ಲಿ ನಮ್ಮದು ಬರದ ಜಿಲ್ಲೆ. ಅದೂ ಸುಳ್ಳಲ್ಲ, ಒಂದೇ ವರ್ಷ ಬರ ಪರಿಹಾರಕ್ಕೂ ನೆರೆ ಪರಿಹಾರಕ್ಕೂ ಅರ್ಜಿ ಬರೆಯುವ ಊರುಗಳು ನಮ್ಮಲ್ಲಿವೆ. 2005ರಲ್ಲಿ ಹೊಳೆ ಬಂತು. 2009ರಲ್ಲಿ ಬಂತು. 2019ರಲ್ಲಿ ಬಂದದ್ದನ್ನು ಯಾರೂ ಮರೆತಿಲ್ಲ, ಆಲಮಟ್ಟಿಯಿಂದ ಬಿಟ್ಟ ನೀರು ಆಗ 5 ಲಕ್ಷ ಕ್ಯುಸೆಕ್ ದಾಟಿತ್ತು. 2021ರ ಜುಲೈನಲ್ಲಿ ಮತ್ತೆ, 2024ರಲ್ಲಿ ಮತ್ತೆ. ಮುಧೋಳದಿಂದ ಯಾದವಾಡಕ್ಕೆ ಹೋಗುವ ಸೇತುವೆ ಮುಳುಗಿದರೆ ಈಗ ಅದು ಸುದ್ದಿಯೇ ಅಲ್ಲ.

ಆದರೆ ಇವೆಲ್ಲ ಒಂದೇ ಜಾತಿಯ ಪ್ರವಾಹ ಅಲ್ಲ ಸರ್. ಇಲ್ಲೇ ನಾವು ಎಡವುತ್ತಿದ್ದೇವೆ ಅನ್ನಿಸುತ್ತದೆ.

2005, 2019, 2021 ಇವು ಘಟ್ಟದ ನೀರು. ಮಹಾಬಳೇಶ್ವರ, ಕೊಯ್ನಾ, ರಾಧಾನಗರಿ ಕಡೆ ಹೊಡೆದ ಮಳೆ ವಾರಣಾ, ಪಂಚಗಂಗಾ, ದೂಧಗಂಗಾ, ವೇದಗಂಗಾ ಹಿಡಿದು ಕೃಷ್ಣೆಗೆ ಬರುತ್ತದೆ. ನಮ್ಮ ಘಟಪ್ರಭೆಗೆ ಹಿಡಕಲ್ ಅಣೆಕಟ್ಟು ಇದೆ, 51 ಟಿಎಂಸಿ ಹಿಡಿಯುತ್ತದೆ. ಆದರೆ ಆಂಬೋಲಿಯಿಂದ ಬರುವ ಹಿರಣ್ಯಕೇಶಿ, ಬೆಳಗಾವಿ ಕಡೆಯಿಂದ ಬರುವ ಮಾರ್ಕಂಡೇಯ ಹಿಡಕಲ್ಲಿನ ಮಾತು ಕೇಳುವ ಹೊಳೆಗಳಲ್ಲ. ಎಲ್ಲ ಒಟ್ಟಿಗೆ ಬಂದರೆ ಮೊದಲು ಗೋಕಾಕ, ಆಮೇಲೆ ನಾವು. ಒಂದು ಸಮಾಧಾನ, ಇಂಥ ನೀರು ಬರುವ ಮುಂಚೆ ಸುದ್ದಿ ಬರುತ್ತದೆ. ಮೇಲಿನ ಲೆಕ್ಕ ನೋಡಿ ಕೆಳಗಿನ ಊರು ಎತ್ತಂಗಡಿ ಮಾಡಲು ಹೊತ್ತು ಸಿಗುತ್ತದೆ.

2009ರದ್ದು ಬೇರೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ಘಟ್ಟದಲ್ಲಿ ಮಳೆಗಾಲ ಮುಗಿಯುವ ಹೊತ್ತು. ಆ ಮಳೆ ಬಿದ್ದದ್ದು ನಮ್ಮ ಎರೆ ಹೊಲಗಳ ಮೇಲೆಯೇ. ಹಳ್ಳಗಳೇ ಹೊಳೆಯಾದವು. ಬೆಣ್ಣೆಹಳ್ಳ, ಮಲಪ್ರಭೆ, ಆ ಕಡೆ ಡೋಣಿ, ತುಂಗಭದ್ರೆ ಎಲ್ಲ ಒಟ್ಟಿಗೆ ಉಕ್ಕಿದವು. ಮಂತ್ರಾಲಯದ ಮಠಕ್ಕೇ ನೀರು ನುಗ್ಗಿತು. ಬಹುಪಾಲು ಅಣೆಕಟ್ಟಿನ ಗೇಟಿನಿಂದ ಬಂದ ನೀರಲ್ಲ ಅದು, ಹೇಳಿ ಕೇಳಿ ಬರಲಿಲ್ಲ. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ನಾಳೆ ನೀವು 2019ರ ನೀರೊಂದನ್ನೇ ಇಟ್ಟುಕೊಂಡು ನಕ್ಷೆ ಮಾಡಿದರೆ 2009ರಲ್ಲಿ ಮುಳುಗಿದ ಹಳ್ಳದ ದಂಡೆಯ ಓಣಿಗಳು ಅದರಲ್ಲಿ ಒಣಗಿಯೇ ಕಾಣುತ್ತವೆ. ಇತಿಹಾಸ ಬರೆಯಿರಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಈಗ ಆ ಇತಿಹಾಸ ಎಲ್ಲಿದೆ ಗೊತ್ತಾ? ನಮ್ಮೂರ ಹನುಮಪ್ಪನ ಗುಡಿ ಗೋಡೆ ಮೇಲೆ ಇತ್ತು. 2019ರಲ್ಲಿ ನೀರು ಇಳಿದ ಮೇಲೆ ಗೋಡೆ ಮೇಲೆ ರಾಡಿಯ ಗೆರೆ ಉಳಿದಿತ್ತು, ಹುಡುಗರು ಅದರ ಮೇಲೆ ಕೆಂಪು ಬಣ್ಣದಲ್ಲಿ ಗೀಟು ಎಳೆದು ಇಸವಿ ಬರೆದರು. ಹಿರಿಯರೊಬ್ಬರು ಬಂದು 2009ರ ಹಳ್ಳದ ನೀರು ಇಲ್ಲಿಗಿತ್ತು ಅಂತ ಪಕ್ಕದ ಗೋಡೆ ತೋರಿಸಿದರು, ಅಲ್ಲೂ ಒಂದು ಗೀಟು. ಮುಂದೆ ಜಾತ್ರೆಗೆ ಗುಡಿಗೆ ಸುಣ್ಣ ಹೊಡೆದರು. ಎರಡೂ ಹೋದವು. ಯಾರನ್ನು ಬೈಯೋದು? ಗುಡಿಗೆ ಸುಣ್ಣ ಹೊಡೆಯುವುದು ತಪ್ಪಲ್ಲ. ಸರ್ಕಾರ ಒಂದು ಕಲ್ಲು ನೆಟ್ಟು, ಸಮುದ್ರಮಟ್ಟದಿಂದ ಇಷ್ಟು ಮೀಟರ್ ಅಂತ ಕೆತ್ತಿಸಿ ಹಾಕಿದ್ದರೆ ಸುಣ್ಣದಲ್ಲಿ ಇತಿಹಾಸ ಹೋಗುತ್ತಿರಲಿಲ್ಲ.

ಪ್ರತಿ ವರ್ಷ ಜೂನ್ ಹೊತ್ತಿಗೆ ಪ್ರವಾಹಕ್ಕೆ ತುತ್ತಾಗಬಹುದಾದ ಊರುಗಳ ಪಟ್ಟಿ ಬರುತ್ತದೆ, ನೋಡಲ್ ಅಧಿಕಾರಿ ನೇಮಕ ಆಗುತ್ತದೆ, ಡಂಗುರ ಹೊಡೆಸುತ್ತಾರೆ, ಬೋಟು ತಂದಿಡುತ್ತಾರೆ. ಒಳ್ಳೆಯದೇ. ಕಾಳಜಿ ಕೇಂದ್ರಗಳಲ್ಲಿ ಊಟ ಕೂಡ ಮೊದಲಿಗಿಂತ ಚೆನ್ನಾಗಿದೆ. ಆದರೆ ಆ ಪಟ್ಟಿಯಲ್ಲಿ ಇರುವುದು ಊರಿನ ಹೆಸರು. ಊರು ಅಂದರೆ ತಟ್ಟೆಯ ಹಾಗೆ ಸಮ ಇರುತ್ತದಾ? ನಮ್ಮಲ್ಲಿ ಮೊದಲು ಮುಳುಗುವುದು ಕೆಳಗಿನ ಓಣಿ, ಅಲ್ಲಿ ಯಾರು ಇರುತ್ತಾರೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮೇಲಿನ ಓಣಿಗೆ ನೀರು ಬರುವುದು 2019ರಂಥ ವರ್ಷ ಮಾತ್ರ. ಪಟ್ಟಿಯಲ್ಲಿ ಇಬ್ಬರೂ ಒಂದೇ.

ಇನ್ನು ವಿಮೆ ವಿಷಯಕ್ಕೆ ಬರುತ್ತೇನೆ. ಇದು ನನ್ನ ದಿನನಿತ್ಯದ ಕೆಲಸ, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಪ್ರಧಾನಮಂತ್ರಿ ಫಸಲ್ ಬಿಮಾ ಅನ್ನುವ ಬೆಳೆವಿಮೆಯಲ್ಲಿ ರೈತ ಕಟ್ಟುವುದು ಮುಂಗಾರಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಉಳಿದದ್ದು ಸರ್ಕಾರದ್ದು. ಕಾಗದದ ಮೇಲೆ ಇದಕ್ಕಿಂತ ಅಗ್ಗದ ವಿಮೆ ಸಿಗುವುದಿಲ್ಲ. ಆದರೆ ಲೆಕ್ಕ ಮಾಡುವುದು ಹೇಗೆ? ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಒಂದು ಘಟಕ. ಅಲ್ಲಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ತೆಗೆಯುತ್ತಾರೆ. ಹಿಂದಿನ 7 ವರ್ಷದಲ್ಲಿ ಚೆನ್ನಾಗಿ ಬಂದ 5 ವರ್ಷದ ಸರಾಸರಿ ಹಿಡಿದು ಮಿತಿ ಇಳುವರಿ ಅಂತ ಒಂದು ಗೆರೆ ಹಾಕುತ್ತಾರೆ. ಅದಕ್ಕಿಂತ ಕೆಳಗೆ ಬಿದ್ದರೆ ದುಡ್ಡು. ಬರಕ್ಕೆ ಇದು ಸರಿ, ಬರ ಬಂದರೆ ಇಡೀ ಪಂಚಾಯಿತಿಗೆ ಬರುತ್ತದೆ. ಹೊಳೆ ಹಾಗೆ ಬರುವುದಿಲ್ಲ ಸರ್. ದಂಡೆಯ ಗೋವಿನಜೋಳ ಪೂರ್ತಿ ಕೊಳೆತು ನಾರುತ್ತಿರುತ್ತದೆ, ಅರ್ಧ ಮೈಲಿ ಮೇಲೆ ಮಡ್ಡಿ ಹೊಲದಲ್ಲಿ ಅದೇ ಮಳೆಗೆ ಬಂಪರ್ ಬೆಳೆ. ಸರಾಸರಿ ತೆಗೆದರೆ ಪಂಚಾಯಿತಿ ಪಾಸು. ದಂಡೆಯವನಿಗೆ ಸೊನ್ನೆ.

ಇದಕ್ಕೇ ಸ್ಥಳೀಯ ವಿಪತ್ತು ಅಂತ ಬೇರೆ ಬಾಗಿಲು ಇಟ್ಟಿದ್ದಾರೆ. ಆಲಿಕಲ್ಲು, ಭೂಕುಸಿತ, ಮೇಘಸ್ಫೋಟ, ಮುಳುಗಡೆ ಆದರೆ ಒಬ್ಬೊಬ್ಬರ ಹೊಲ ನೋಡಿ ಕೊಡಬೇಕು. ಷರತ್ತು, 72 ಗಂಟೆಯೊಳಗೆ ತಿಳಿಸಬೇಕು. 14447ಕ್ಕೆ ಫೋನ್ ಮಾಡಬೇಕು, ಇಲ್ಲ ಆ್ಯಪ್‌ನಲ್ಲಿ ಹಾಕಬೇಕು. ಈಗ ಯೋಚನೆ ಮಾಡಿ. ಹೊಳೆ ಬಂದ ಮೊದಲ 72 ಗಂಟೆ ರೈತ ಏನು ಮಾಡುತ್ತಿರುತ್ತಾನೆ? ದನ ಬಿಚ್ಚಿಕೊಂಡು ರಸ್ತೆ ಮೇಲೆ ನಿಂತಿರುತ್ತಾನೆ, ಕಾಳಿನ ಚೀಲ ಹೊರುತ್ತಿರುತ್ತಾನೆ, ಮುದುಕರನ್ನು ಶಾಲೆಗೆ ಸೇರಿಸುತ್ತಿರುತ್ತಾನೆ. ಕರೆಂಟ್ ಇಲ್ಲ, ಫೋನ್ ಸತ್ತಿದೆ. ಹೊಲ ಎಲ್ಲಿದೆ ಅಂತಲೇ ಕಾಣುವುದಿಲ್ಲ, ಎಲ್ಲ ಕೆಂಪು ನೀರು. ಆ ನೀರಿನ ಫೋಟೊ ತೆಗೆದು ಯಾವ ಸರ್ವೆ ನಂಬರು ಅಂತ ತೋರಿಸುವುದು? ನಿಮ್ಮ ಹತ್ತಿರ ಸರ್ವೆ ನಂಬರಿನ ನಕ್ಷೆ ಮೊದಲೇ ಇದ್ದು, ಇಷ್ಟು ಕ್ಯುಸೆಕ್‌ಗೆ ಈ ಹೊಲಗಳು ಮುಳುಗುತ್ತವೆ ಅಂತ ಕೃಷಿ ಇಲಾಖೆಗೂ ವಿಮಾ ಕಂಪನಿಗೂ ಕೊಟ್ಟಿದ್ದರೆ, ಅಷ್ಟು ನೀರು ಹರಿದ ದಿನವೇ ಅವರೆಲ್ಲರ ದೂರು ಜಿಲ್ಲಾಡಳಿತದಿಂದಲೇ ಒಟ್ಟಿಗೆ ಹೋಗಬಹುದಿತ್ತಲ್ಲ.

ಕಬ್ಬಿನದು ಇನ್ನೊಂದು ಕಥೆ. ಹೊಳೆದಂಡೆಯಲ್ಲಿ ನೋಡಿದ ಕಡೆಯೆಲ್ಲ ಕಬ್ಬು. ನಮ್ಮ ಸಂಘದಲ್ಲಿ ಕಬ್ಬಿಗೆ ವಿಮೆ ಬರೆದ ನೆನಪು ನನಗಿಲ್ಲ. ನೀರಲ್ಲಿ ನಿಲ್ಲುವ ಬೆಳೆ, ಅದಕ್ಕೇನಾಗುತ್ತದೆ ಅಂತ ದೂರದಲ್ಲಿ ಕೂತವರು ಅಂದುಕೊಂಡಿರಬೇಕು. ಕಬ್ಬಿನ ಬುಡದಲ್ಲಿ ನೀರು ನಿಂತರೆ ಕಬ್ಬು ತಡೆಯುತ್ತದೆ ನಿಜ. ನೀರು ಸುಳಿ ಮುಚ್ಚಿತು ಅಂದರೆ ಮುಗಿಯಿತು. ಸುಳಿಯೊಳಗೆ ರಾಡಿ ಕೂರುತ್ತದೆ, ನೀರು ಇಳಿದ ಮೇಲೆ ಬಿಸಿಲಿಗೆ ಅದು ಗಟ್ಟಿಯಾಗಿ ಸುಳಿ ಕೊಳೆಯುತ್ತದೆ. ಸುಳಿ ಹಿಡಿದು ಎಳೆದರೆ ಹಾಗೇ ಕೈಗೆ ಕಿತ್ತು ಬರುತ್ತದೆ, ಕೆಟ್ಟ ವಾಸನೆ. ಗಣಿಕೆಯ ಕಣ್ಣೊಡೆದು ಪಕ್ಕದಲ್ಲಿ ಮೊಳಕೆ ಬರಲು ಶುರುವಾದರೆ ತೂಕವೂ ಹೋಯಿತು, ಸಕ್ಕರೆಯೂ ಹೋಯಿತು. ರಸ್ತೆಯಲ್ಲಿ ಹೋಗುವವರಿಗೆ ಮಾತ್ರ ಹಸಿರಾಗಿಯೇ ಕಾಣುತ್ತದೆ, ಜೀಪಿನಲ್ಲಿ ಬಂದವರಿಗೂ.

2018ರಲ್ಲಿ ಭತ್ತದ ಮುಳುಗಡೆಯನ್ನು ಈ ಸ್ಥಳೀಯ ವಿಪತ್ತಿನಿಂದ ತೆಗೆದಿದ್ದರು. ಎಂಟು ಮಳೆಗಾಲ ಕಳೆದ ಮೇಲೆ, 2025ರ ನವೆಂಬರ್‌ನಲ್ಲಿ, 2026ರ ಮುಂಗಾರಿನಿಂದ ಮತ್ತೆ ಸೇರಿಸುತ್ತೇವೆ ಅಂತ ಕೇಂದ್ರ ಹೇಳಿತು. ಸಂತೋಷ. ನಮ್ಮ ಕಡೆ ಭತ್ತ ಬೆಳೆಯೋರು ಯಾರು? ಕಬ್ಬಿನ ಮಾತು ಅದರಲ್ಲಿ ಇಲ್ಲ. ರಾಜ್ಯಕ್ಕೆ ನಿಮ್ಮ ಕಡೆಯಿಂದ ಒಂದು ಶಿಫಾರಸು ಹೋಗಲಿ, ದಂಡೆಯ ಕಬ್ಬಿಗೆ ಮುಳುಗಡೆ ವಿಮೆ ಬೇಕು ಅಂತ. ಶೇ 5 ಕಟ್ಟಿ ಅಂದರೂ ನಮ್ಮವರು ಕಟ್ಟುತ್ತಾರೆ. 1989ರಲ್ಲಿ ಸರ್ಕಾರ ಕಾಯದೆ, ಸಿದ್ದು ನ್ಯಾಮಗೌಡರ ಹಿಂದೆ ನಿಂತು ದುಡ್ಡು ಹಾಕಿ, ಮೈಮುರಿದು ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿದ ರೈತರ ಜಿಲ್ಲೆ ಇದು. ನಮ್ಮ ಜನ ಪುಕ್ಕಟೆ ಕೇಳುವವರಲ್ಲ. ಕಟ್ಟಿದ ದುಡ್ಡಿಗೆ ಏನು ಸಿಗುತ್ತದೆ ಅಂತ ಮೊದಲೇ ಗೊತ್ತಿರಬೇಕು ಅನ್ನುತ್ತಾರೆ, ಅಷ್ಟೇ.

ಪರಿಹಾರದಲ್ಲಿ ಆ ಖಾತ್ರಿ ಇಲ್ಲವೇ ಇಲ್ಲ. 2022ರಿಂದ 2026ರವರೆಗಿನ ಕೇಂದ್ರದ ಮಾನದಂಡ ತೆಗೆದುಕೊಳ್ಳಿ. ಒಣಬೇಸಾಯಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದೂ 2 ಹೆಕ್ಟೇರ್‌ವರೆಗೆ. ನೀರಾವರಿ ಲೆಕ್ಕ ಹಿಡಿದರೆ ಎಕರೆಗೆ 6,900ರ ಸುಮಾರು. ಎಕರೆಗೆ 40 ಟನ್ ಬರುವ ಕಬ್ಬು, ಟನ್ನಿಗೆ 3,000 ಹಿಡಿದರೂ 1.2 ಲಕ್ಷದ ಮಾಲು. ಬೀಜ, ಗೊಬ್ಬರ, ಆಳಿನ ಖರ್ಚೇ ಆ 6,900ರಲ್ಲಿ ಬರುವುದಿಲ್ಲ. 2019ರಲ್ಲಿ ರಾಜ್ಯ ತನ್ನ ಕಡೆಯಿಂದ ಹೆಕ್ಟೇರಿಗೆ 10,000 ಸೇರಿಸಿತು. 2025ರಲ್ಲಿ 8,500 ಸೇರಿಸಿತು. ಕೊಟ್ಟವರಿಗೆ ನಮಸ್ಕಾರ. ಆದರೆ ಒಂದೊಂದು ವರ್ಷ ಒಂದೊಂದು ರೇಟು, ಚುನಾವಣೆ ಎಷ್ಟು ಹತ್ತಿರ, ಖಜಾನೆ ಹೇಗಿದೆ, ಟಿವಿಯಲ್ಲಿ ಎಷ್ಟು ಬಂತು, ಇದರ ಮೇಲೆ ನಮ್ಮ ಹೊಲದ ಬೆಲೆ ನಿಲ್ಲುವುದು ಸರಿಯಾ? 2019ರಲ್ಲಿ ರಾಜ್ಯ ಹೇಳಿದ ನಷ್ಟ 35,000 ಕೋಟಿ ದಾಟಿತ್ತು. ಅಕ್ಟೋಬರ್‌ನಲ್ಲಿ ದಿಲ್ಲಿಯಿಂದ ಬಂದ ಮೊದಲ ಕಂತು 1,200 ಕೋಟಿ. ನಡುವಿನ ಅಂತರ ಯಾರು ಹೊತ್ತರು ಅಂತ ನಮ್ಮ ಸಂಘದ ಸುಸ್ತಿ ಪಟ್ಟಿ ನೋಡಿದರೆ ತಿಳಿಯುತ್ತದೆ.

ಮನೆಗಳ ಕಥೆ ಇದಕ್ಕಿಂತ ಕಷ್ಟ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಘೋಷಣೆ ಆಯಿತು, ದೇಶದಲ್ಲಿ ಅಷ್ಟು ಕೊಟ್ಟವರು ಕಡಿಮೆ. ಎ, ಬಿ, ಸಿ ಅಂತ ಮೂರು ವರ್ಗ, ಸಿ ಅಂದರೆ ಕಡಿಮೆ ಹಾನಿ, 50,000. ನಮ್ಮ ಓಣಿಯ ದೊಡ್ಡವ್ವನದು ಮೇಲ್ಮುದ್ದೆ ಮನೆ, ಮಣ್ಣಿನ ಗೋಡೆ. ನೀರು ಇಳಿದ ಕೂಡಲೇ ನೋಡಲು ಬಂದರು, ಗೋಡೆ ನಿಂತಿತ್ತು, ಸಿ ಬರೆದು ಫೋಟೊ ತೆಗೆದು ಹೋದರು. ಎಷ್ಟೋ ಮಣ್ಣಿನ ಮನೆ ನೀರಲ್ಲೇ ಬೀಳುವುದಿಲ್ಲ ಸರ್. ನೀರು ಕುಡಿದ ಗೋಡೆ ಬಿಸಿಲಿಗೆ ಆರುವಾಗ ಬಿರುಕು ಬಿಡುತ್ತದೆ, ಆಮೇಲೆ ಕುಸಿಯುತ್ತದೆ. ದೊಡ್ಡವ್ವನ ಹಿತ್ತಲ ಗೋಡೆ ಒಂದು ರಾತ್ರಿ ಹಾಗೇ ಕೂತುಬಿಟ್ಟಿತು, ತೊಲೆ ಸಮೇತ. ಪುಣ್ಯಕ್ಕೆ ಪಡಸಾಲೆಯಲ್ಲಿ ಮಲಗಿದ್ದಳು. ಕಚೇರಿಗೆ ಹೋದರೆ ಪಂಚನಾಮೆ ಮುಗಿದಿದೆ, ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ ಅಂದರು. "ನೀರು ಇಳಿದ ಮ್ಯಾಲ ಬಿತ್ರಿ, ಅದೂ ನೀರಿಂದನ ಅಲ್ಲೇನ್ರಿ?" ಅಂತ ಕೇಳಿದಳು. ಅಲ್ಲಿ ಉತ್ತರ ಇರಲಿಲ್ಲ.

ಮನೆಗೆ ವಿಮೆ ಇಲ್ಲವಾ ಅಂದರೆ, ಇದೆ. ಭಾರತ್ ಗೃಹ ರಕ್ಷಾ ಅಂತ 2021ರ ಏಪ್ರಿಲ್ 1ರಿಂದ ಮನೆ ವಿಮೆ ಮಾರುವ ಕಂಪನಿಗಳೆಲ್ಲ ಒಂದೇ ನಮೂನೆಯಲ್ಲಿ ಕೊಡಬೇಕಾದ ಪಾಲಿಸಿ. ನೆರೆ, ಮುಳುಗಡೆ ಅದರಲ್ಲೇ ಸೇರಿದೆ. ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, 10 ಲಕ್ಷದ ಮಿತಿಯೊಳಗೆ, ಮನೆಯ ಸಾಮಾನಿಗೂ ತಾನಾಗಿ ರಕ್ಷಣೆ ಸಿಗುತ್ತದೆ. ಹೊಳೆದಂಡೆಯ ಊರುಗಳಲ್ಲಿ ಇದರ ಹೆಸರು ಕೇಳಿದವರನ್ನು ಹುಡುಕಿ ನೋಡಿ. ಟ್ರ್ಯಾಕ್ಟರ್, ಬೈಕ್ ವಿಮೆ ಮಾಡಲು ಬಂದ ಏಜೆಂಟರನ್ನು ಮಣ್ಣಿನ ಮನೆಗೆ ಆಗುತ್ತದಾ ಅಂತ ಕೇಳಿದೆ. "ಆರ್‌ಸಿಸಿ ಇದ್ರ ಹೇಳ್ರಿ" ಅಂದರು. ಹಾಗಾಗಿ ಒಬ್ಬೊಬ್ಬರಾಗಿ ಹೋಗಿ ಪಾಲಿಸಿ ಮಾಡಿಸಿ ಅನ್ನುವುದು ಸುಮ್ನೆ ಮಾತು. ಹೊಳೆ ಬರುವ ಗೆರೆಯನ್ನು ನಕ್ಷೆಯಲ್ಲಿ ಎಳೆದು, ಅದರೊಳಗಿನ ಅಷ್ಟೂ ಮನೆಗಳಿಗೆ ಗುಂಪು ವಿಮೆ ಬೇಕು, ಬಡವರ ಕಂತು ಸರ್ಕಾರ ಕಟ್ಟಬೇಕು. ನಾಗಾಲ್ಯಾಂಡ್ ಇಡೀ ರಾಜ್ಯದ ಹೆಸರಲ್ಲೇ ವಿಮೆ ಕೊಂಡಿದೆ, ಮಳೆ ಇಷ್ಟು ದಾಟಿದರೆ ಪಂಚನಾಮೆ ಇಲ್ಲದೆ ದುಡ್ಡು ಬರುವ ವಿಮೆ. ನಮ್ಮಲ್ಲಿ ಹೊಳೆ ಇಷ್ಟು ಏರಿದರೆ ಈ ಓಣಿಗೆ ಇಷ್ಟು ಅಂತ ಮಾಡಬಹುದು. ತೊಡಕು ಇಲ್ಲ ಅಂತಲ್ಲ. 2009ರ ಹಾಗೆ ಹಳ್ಳದಿಂದ ನೀರು ಬಂದರೆ ಹೊಳೆಯ ಅಳತೆಗೋಲು ಸುಮ್ಮನೇ ನಿಂತಿರುತ್ತದೆ. ಹೊಳೆಯ ಮಟ್ಟ, ಊರಿನ ಮಳೆ ಎರಡನ್ನೂ ಹಿಡಿಯಬೇಕಾಗುತ್ತದೆ.

ನಮ್ಮೂರ ಹುಡುಗನೊಬ್ಬ ಅಮೆರಿಕದಲ್ಲಿ ಹಳ್ಳಿಯಂಥ ಒಂದು ಕೌಂಟಿಯಲ್ಲಿ ಮನೆ ಕೊಂಡ. ಸಾಲ ಕೊಡುವ ಮೊದಲು ಬ್ಯಾಂಕು ಕೇಳಿದ್ದು, ಮನೆ ನೆರೆ ನಕ್ಷೆಯಲ್ಲಿ ಎಲ್ಲಿದೆ ಅಂತ. ಅಲ್ಲಿ 1968ರಿಂದ ಸರ್ಕಾರವೇ ನೆರೆ ವಿಮೆ ನಡೆಸುತ್ತದೆ. ನಕ್ಷೆ ಒಪ್ಪಿ, ತಗ್ಗಿನಲ್ಲಿ ಕಟ್ಟಡ ಕಟ್ಟಲು ನಿಯಮ ಮಾಡಿದ ಊರುಗಳಿಗೆ ಮಾತ್ರ ಅದು ಸಿಗುತ್ತದೆ. ಪಾಲಿಸಿ ಮಾಡಿದರೆ ಸಾಮಾನ್ಯವಾಗಿ 30 ದಿನ ಕಾಯಬೇಕು, ಹೊಳೆ ಕಂಡ ಮೇಲೆ ಓಡಿ ಬಂದರೆ ಆಗುವುದಿಲ್ಲ. ಅದೇನು ಸ್ವರ್ಗ ಅಲ್ಲ, ಸಾಲದಲ್ಲಿ ಮುಳುಗಿ 2017ರಲ್ಲಿ ಅದರ 1,600 ಕೋಟಿ ಡಾಲರ್ ಸಾಲ ಮನ್ನಾ ಮಾಡಬೇಕಾಯಿತು. ನನಗೆ ಹಿಡಿಸಿದ್ದು ನಕ್ಷೆ ಮೊದಲು, ವಿಮೆ ಆಮೇಲೆ ಅನ್ನುವ ಕ್ರಮ. 'ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ' ಅಂತ ಅವರ ನಕ್ಷೆಯಲ್ಲಿ ಇರುತ್ತದೆ. ಒಮ್ಮೆ ಬಂದು ಹೋದರೆ ಇನ್ನು ನೂರು ವರ್ಷ ನಿಶ್ಚಿಂತೆ ಅಂತ ನಮ್ಮಲ್ಲಿ ತಿಳಿಯುತ್ತಾರೆ. ಪ್ರತಿ ವರ್ಷವೂ ನೂರಕ್ಕೆ ಒಂದು ಸಾಧ್ಯತೆ ಅಂತ ಅದರ ಲೆಕ್ಕ. 30 ವರ್ಷದ ಗೃಹಸಾಲ ತೀರುವುದರೊಳಗೆ ಒಮ್ಮೆಯಾದರೂ ಬರುವ ಸಾಧ್ಯತೆ ಶೇ 26.

ಅಷ್ಟು ದೂರ ಯಾಕೆ, ಪಕ್ಕದ ಮಹಾರಾಷ್ಟ್ರದಲ್ಲೇ ನೀಲಿ ಗೆರೆ, ಕೆಂಪು ಗೆರೆ ಇದೆ. 25 ವರ್ಷಕ್ಕೊಮ್ಮೆ ಬರುವ ನೀರಿಗೆ ನೀಲಿ, 100 ವರ್ಷಕ್ಕೊಮ್ಮೆ ಬರುವ ನೀರಿಗೆ ಕೆಂಪು. ಗೆರೆ ಇದ್ದೂ ಸಾಂಗ್ಲಿ ಮುಳುಗಿತು, ಯಾಕಂದರೆ ಗೆರೆಯೊಳಗೆ ಕಟ್ಟಿದರು. 2019ರ ನೆರೆ ಬಗ್ಗೆ ಅವರದೇ ವಡ್ನೇರೆ ಸಮಿತಿ ಆಲಮಟ್ಟಿಯಿಂದ ಆದದ್ದಲ್ಲ ಅಂತ ಹೇಳಿ, ಹೊಳೆಪಾತ್ರದ ಒತ್ತುವರಿ ಕಡೆ ಬೆರಳು ತೋರಿಸಿತು. ಪ್ರತಿ ಮಳೆಗಾಲ ತಪ್ಪು ನಮ್ಮ ಆಲಮಟ್ಟಿ ಅಣೆಕಟ್ಟಿನದು ಅಂತ ಅವರು ಅನ್ನುವುದು, ಅವರ ಕೊಯ್ನಾ ಅಣೆಕಟ್ಟಿನದು ಅಂತ ನಾವು ಅನ್ನುವುದು ನಡೆದೇ ಇದೆ. ನೆರೆಬಯಲಿನಲ್ಲಿ ಎಲ್ಲಿ ಏನು ಕಟ್ಟಬಹುದು ಅನ್ನುವ ಮಾದರಿ ಮಸೂದೆಯನ್ನು ಕೇಂದ್ರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡ ಕಾನೂನು ಮಾಡಿದವು. ನಮ್ಮ ರಾಜ್ಯ ಮಾಡಿಲ್ಲ.

ಗೆರೆ ಎಳೆದರೆ ಗಲಾಟೆ ಆಗುತ್ತದೆ, ನನಗೂ ಗೊತ್ತು. ಹೊಲದ ರೇಟು ಬೀಳುತ್ತದೆ, ಪ್ಲಾಟ್ ಮಾರುವವರು ಸಿಟ್ಟಾಗುತ್ತಾರೆ. ವರ್ಷದ ಬಹುಪಾಲು ನೀರಿಲ್ಲದ ಮಲಪ್ರಭೆಯ ಪಾತ್ರದೊಳಗೇ ಕಬ್ಬು ಹಚ್ಚಿದವರಿದ್ದಾರೆ, ಘಟಪ್ರಭೆಯಲ್ಲೂ ಇದ್ದಾರೆ, ನಮ್ಮ ಸಂಘದ ಸದಸ್ಯರೂ ಅದರಲ್ಲಿದ್ದಾರೆ. ಈ ಪತ್ರ ಓದಿ ಅವರು ನನ್ನ ಮೇಲೆ ಹರಿಹಾಯಬಹುದು. ಆದರೆ ರೇಟು ಬೀಳುವುದು ಎಂದೋ ಬಿದ್ದಾಗಿದೆ, ಊರಿನವರಿಗೆ ಗೊತ್ತು, ಹೊರಗಿನಿಂದ ಬಂದು ಕೊಳ್ಳುವವನಿಗೆ ಮಾತ್ರ ಗೊತ್ತಿಲ್ಲ. ಗೆರೆ ತೋರಿಸಿ ಎದ್ದು ಹೋಗಿ ಅನ್ನುತ್ತಾರೆ ಅನ್ನುವ ಭಯ ಬಡವರಿಗಿದೆ. 2009ರ ನಂತರ ನೆರೆ ಸಂತ್ರಸ್ತರಿಗೆ ಬೇರೆ ಕಡೆ ಕಟ್ಟಿಕೊಟ್ಟ ಆಸರೆ ಮನೆಗಳ ಅನುಭವ ಹಾಗೆ ಮಾಡಿದೆ. ಹೊಲದಿಂದ ದೂರ, ದನ ಕಟ್ಟಲು ಜಾಗ ಇಲ್ಲ, ಬಣವೆ ಒಟ್ಟಲು ಜಾಗ ಇಲ್ಲ, ಎಷ್ಟೋ ಮನೆಗಳ ಮುಂದೆ ಈಗ ಜಾಲಿ ಬೆಳೆದಿದೆ. ಆದ್ದರಿಂದ ಗೆರೆಯ ಜೊತೆಗೆ ಇದೂ ಬರವಣಿಗೆಯಲ್ಲಿ ಬರಲಿ: ಗೆರೆಯೊಳಗೆ ಇದ್ದವರ ಮನೆ, ಉತಾರಕ್ಕೆ (ಪಹಣಿಗೆ) ಧಕ್ಕೆ ಇಲ್ಲ, ವಿಮೆಯಲ್ಲಿ ಮೊದಲ ಹಕ್ಕು ಅವರದು, ಹೊಸದಾಗಿ ಕಟ್ಟುವವರಿಗೆ ಮಾತ್ರ ಅನುಮತಿ ಇಲ್ಲ.

ಮೊದಲು ದಂಡೆಯ ಒಂದು ಹತ್ತು ಪಂಚಾಯಿತಿಗಳಲ್ಲಿ ಮಾಡಿ ನೋಡಿ. ಭೂಮಾಪಕರು, ನೀರಾವರಿ ನಿಗಮದ ಒಬ್ಬ ಎಂಜಿನಿಯರ್, ಗ್ರಾಮ ಆಡಳಿತ ಅಧಿಕಾರಿ, ಜೊತೆಗೆ ಊರಿನ ನಾಲ್ಕು ಹಿರಿಯರು. ಹೆಂಗಸರನ್ನು ಬಿಡಬೇಡಿ, ನೀರು ಯಾವ ಮೆಟ್ಟಿಲಿಗೆ ಬಂದಿತ್ತು ಅಂತ ಅವರಿಗೇ ಸರಿಯಾಗಿ ಗೊತ್ತಿರುತ್ತದೆ. 2005, 2009, 2019, 2021, 2024 ಪ್ರತಿಯೊಂದರ ಮಟ್ಟವನ್ನೂ ತೋರಿಸಲಿ, ಅಳೆಯಲಿ, ಬರೆಯಲಿ, ಕಲ್ಲು ನೆಡಲಿ. ಡ್ರೋನ್ ಬೇಕಾದರೆ ಆಮೇಲೆ ಹಾರಿಸಿ.

ನಮ್ಮೂರಲ್ಲಿ ಸಭೆ ಕರೆಯುವುದಾದರೆ ಸಂಘದ ಗೋದಾಮು ಇದೆ. ಮೇ ಕೊನೆಗೆ ಗೊಬ್ಬರದ ಲಾರಿ ಬರುತ್ತದೆ, ಆಮೇಲೆ ಕೂರಲು ಜಾಗ ಇರುವುದಿಲ್ಲ. ಅದಕ್ಕೆ ಮೊದಲು ಒಂದು ದಿನ ಹೇಳಿ ಕಳಿಸಿ.

ಇಂತಿ,
ಘಟಪ್ರಭೆ ದಂಡೆಯ ಒಬ್ಬ ಸಂಘದ ಗುಮಾಸ್ತ
ಮುಧೋಳ ತಾಲ್ಲೂಕು